ಎಣ್ಣೆ ಸವರಿದ ಪ್ಯಾನು

ಬೀರಾ ಗೌಡನ ಹೆಣವನ್ನು ಹೆಂಡತಿಗೆ ಒಪ್ಪಿಸುವಾಗ, ಚಿನ್ನ ಕದಿಯಲು ಹೋಗಿ ಸತ್ತವನು ಎಂಬ ಹೇಳಿಕೆಗೆ ಪೊಲೀಸರು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೆಣದ ಜೊತೆ, ಅದರ ಪಕ್ಕದಲ್ಲಿ ಸಿಕ್ಕಿತೆಂದು ಒಂದು ಬ್ಯಾಗನ್ನೂ ಕೊಟ್ಟು ಕಳಿಸಿದರು.

ಅವಳು ಹೊತ್ತು ತಂದ ಆ ಬ್ಯಾಗು ಈಗ ಅಂಕೋಲೆ ಪೇಟೆಯ ಹಿಂಬದಿಯ ಗೋದಾಮಿನಲ್ಲಿ, ಸಿಮೆಂಟು ನೆಲದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು.

"ನನಗೂ ಒಂದು ಬ್ಯಾಗು ತುಂಬು, ವೀಣಾ," ಎಂದಳು ದೀಪಾಲಿ ತಾಂಡೇಲ. "ನಾಳೆ ಹಳ್ಳಕ್ಕೆ ಇಳಿಯೂದು ನಾನೇ ಅಂತ ತಿಳ್ಕೋ. ಟೂರಿಸ್ಟರಿಗೆ ಕೊಡ್ತೀರಲ್ಲ, ಅಂಥದ್ದು ಬೇಡ. ಬೀರಾ ಕಟ್ಟಿಕೊಳ್ತಿದ್ದಂಥದ್ದು."

ವೀಣಾ ಬಾಗಿಲ ಕಡೆ ನೋಡಿದಳು. ಹೊಸ್ತಿಲ ಮೇಲೆ ಬೀರಾನ ಹೆಂಡತಿ ಬೊಮ್ಮು ಮಂಡಿ ಕಟ್ಟಿಕೊಂಡು ಕೂತಿದ್ದಳು. ಕರಿಮಣಿ ತೆಗೆದ ಜಾಗದಲ್ಲಿ ಕೊರಳ ಸುತ್ತ ಚರ್ಮ ಬಿಳಿಚಿಕೊಂಡಿತ್ತು. ಬೆಳಗಿನಿಂದ ಅವಳು ಆಡಿದ್ದು ಒಂದೇ ಮಾತು. "ಅವ ಕಳ್ಳ ಅಲ್ಲ ಅಂತ ಒಂದು ಸಲ ಬರೀರಿ ಅಮ್ಮಾ. ಮತ್ತೆಂತ ಬ್ಯಾಡ."

ಬರೆಯಬೇಕಾದವಳು ದೀಪಾಲಿಯೇ. ಕಾರವಾರದಲ್ಲಿ ವಿಮಾ ಕಂಪನಿಯೊಂದರ ಪರವಾಗಿ ಸಾವುಗಳನ್ನು ತನಿಖೆ ಮಾಡುವುದು ಅವಳ ಕೆಲಸ. ಕೆಲಸದ ಮೇಲೆ ಸತ್ತನೋ, ಕದಿಯಲು ಹೋಗಿ ಸತ್ತನೋ ಎಂಬುದನ್ನು ಇವತ್ತು ಸಂಜೆಯೊಳಗೆ ಹೇಳಬೇಕು. ಪೊಲೀಸರು ಎರಡನೆಯದನ್ನು ಹೇಳಿ ಕೈ ತೊಳೆದುಕೊಂಡಿದ್ದರು.

ಗೋದಾಮು 'ಹೊನ್ನಹಳ್ಳ ಟ್ರಿಪ್ಸ್' ಎಂಬ ಕಂಪನಿಯದು. ಮಾಲೀಕ ಮಧುಕೇಶ್ವರ ಹೆಗಡೆ, ಘಟ್ಟದ ಮೇಲಿನ ತೋಟದ ಮನೆಯವನು. ಗೋವೆಯಿಂದ, ಹುಬ್ಬಳ್ಳಿಯಿಂದ ಬಂದವರಿಗೆ ಒಂದು ದಿನದ ಮಟ್ಟಿಗೆ ಹಳ್ಳದ ಮರಳು ಜಾಲಿಸಿ ಚಿನ್ನ ಹುಡುಕಿಸುವುದು ಅವನ ವ್ಯಾಪಾರ. ಬಂದವರು ನೀರಿಗಿಳಿದು, ಪ್ಯಾನು ಹಿಡಿದು, ಫೋಟೋ ತೆಗೆಸಿಕೊಂಡು, ಸಾಸಿವೆಗಿಂತ ಸಣ್ಣ ಮಿನುಗನ್ನು ಗಾಜಿನ ಶೀಶೆಯಲ್ಲಿ ಒಯ್ಯುತ್ತಿದ್ದರು. ಅವರಿಗೆ ಅದು ಮೋಜು. ಅದೇ ಹಳ್ಳಕ್ಕೆ ಬೀರಾನಂಥ ಬಡ ಗೌಡನೊಬ್ಬ ಇಳಿದರೆ ಕಳ್ಳತನ.

"ಶೂ ನಂಬರ್ ಎಷ್ಟು ಮೇಡಂ?" ಎಂದು ಕೇಳಿದಳು ವೀಣಾ. ಬೆಳಂಬಾರದ ಹುಡುಗಿ. ಗೋದಾಮಿನ ಸಾಮಾನು ತೆಗೆದುಕೊಡುವುದು, ತೊಳೆದಿಡುವುದು ಅವಳ ಜವಾಬ್ದಾರಿ.

"ಗಂಬೂಟು ಕೊಡೂದಿಲ್ವಾ?"

"ಗಂಬೂಟಾ! ಹಳ್ಳಕ್ಕಾ?" ವೀಣಾಳಿಗೆ ನಗು ತಡೆಯಲಿಲ್ಲ. "ಒಳಗೆ ನೀರು ತುಂಬ್ತು ಅಂದ್ರೆ ಕಾಲು ಎತ್ತೂಕಾಗೂದಿಲ್ಲ. ಟೂರಿಸ್ಟರು ಕೇಳ್ತಾರೆ ಅಂತ ಇಟ್ಟದ್ದು. ಗಂಬೂಟಿನವರನ್ನ ಕಂಡ್ರೆ ಬೀರಣ್ಣ, ಮದುವೆ ದಿಬ್ಬಣ ಬಂತು ನೋಡು, ಅಂತಿದ್ದ."

ನಗು ಬಂದಷ್ಟೇ ಬೇಗ ಹೋಯಿತು. ಹೊಸ್ತಿಲ ಮೇಲೆ ಕೂತವಳ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಬೊಮ್ಮು ಮಾತ್ರ ತಲೆ ಎತ್ತಿ, "ಹೌದು, ಹಂಗೇ ಹೇಳೂದು ಅವ," ಎಂದಳು.

ವೀಣಾ ತುಂಬತೊಡಗಿದಳು. ತೂತುಗಳಿಂದ ನೀರು ಹರಿದುಹೋಗುವ ಕ್ಯಾನ್ವಾಸು ಶೂ ಪಕ್ಕಕ್ಕಿಟ್ಟಳು; ಅದು ಕಾಲಿಗೆ, ಬ್ಯಾಗಿಗಲ್ಲ. ಬಂಡೆಯ ಸೀಳಿಗೆ ಹಾಕಿ ಮೀಟುವ ಗಿಡ್ಡ ಹಾರೆ ಬೇಕೇ ಬೇಕು. ಉದ್ದ ಹಾರೆ ಹೊತ್ತವನು ಅರ್ಧ ದಾರಿಯಲ್ಲೇ ಸುಸ್ತಾಗುತ್ತಾನೆ. ಜರಡಿ ಎರಡು, ಒಂದರೊಳಗೆ ಒಂದು. ಕರಿಮರಳನ್ನು ಎಳೆದು ತೆಗೆಯುವ ಅಯಸ್ಕಾಂತವನ್ನು ಹಳೆ ಬನಿಯನ್ನಿನಲ್ಲಿ ಸುತ್ತಿದಳು. ಶೀಶೆಗಳನ್ನು ಕಾಲುಚೀಲದೊಳಗೆ ತೂರಿಸಿದಳು. ಒಣ ಕಾಲುಚೀಲವೂ ಆಯಿತು, ಗಾಜೂ ಉಳಿಯಿತು.

"ಇದು ಉಂಬಳಕ್ಕೆ, ಕಾಲಿಗೆ ಹತ್ತಿ ರಕ್ತ ಹೀರ್ತಾವೆ," ಎಂದು ಸುಣ್ಣ ಹೊಗೆಸೊಪ್ಪಿನ ಗಂಟನ್ನು ಹೊರಜೇಬಿಗೆ ತುರುಕಿದಳು. "ಇದಿಲ್ದೆ ಆ ಕಾಡೊಳಗೆ ಯಾರೂ ಕಾಲಿಡೂದಿಲ್ಲ."

"ಈಗ ಇದನ್ನ ನೋಡು."

ದೀಪಾಲಿ ನೆಲದ ಮೇಲಿನ ಬ್ಯಾಗನ್ನು ಬೋರಲು ಹಾಕಿದಳು. ಮೊದಲು ಬಿದ್ದದ್ದು ಗಂಬೂಟು. ಹೊಸ ಜೋಡಿ, ಒಳಗೆ ಅಂಗಡಿಯವರು ತುರುಕಿದ ಪೇಪರು ಹಾಗೇ ಇತ್ತು. ಆಮೇಲೆ ಒಂದೇ ಒಂದು ದೊಡ್ಡ ಜರಡಿ, ಹಿಡಿಯ ಮೇಲಿನ ಸ್ಟಿಕರು ಕೀಳದ ಕೈಗುದ್ದಲಿ, ಬಿಸ್ಕಿಟು. ಸುಣ್ಣವಿಲ್ಲ, ಹೊಗೆಸೊಪ್ಪಿಲ್ಲ. ಕೊನೆಗೆ ಪ್ಯಾನು ಟಣಾರನೆ ನೆಲಕ್ಕೆ ಬಿತ್ತು.

"ಇದನ್ನ ತುಂಬಿದ್ದು ಯಾರು?"

"ನಾನಲ್ಲ ಮೇಡಂ. ದೇವರಾಣೆ ನಾನಲ್ಲ."

"ಬೀರಾ?"

"ಅವನ ತಲೆ ಕೆಟ್ಟಿತ್ತಾ, ಇಂಥದ್ದು ತುಂಬೂಕೆ? ಅವನದ್ದು ಹಳೆ ಖಾಕಿ ಬ್ಯಾಗು. ಆ ಮೊಳೆಗೆ ಇರ್ತಿತ್ತು." ಗೋಡೆಯ ಮೊಳೆ ಖಾಲಿಯಿತ್ತು.

"ಹಾಗಾದ್ರೆ ಸೂರಜ್?"

ವೀಣಾ ಬಿದ್ದ ಗಂಬೂಟನ್ನು ಎತ್ತಿ ಪಕ್ಕಕ್ಕಿಟ್ಟಳು.

ಸೂರಜ್ ಬೀರಾನ ಜೊತೆಗಾರ. ಇಬ್ಬರೂ ಗೈಡುಗಳು, ಯಾವಾಗಲೂ ಒಟ್ಟಿಗೇ ಹಳ್ಳಕ್ಕೆ ಇಳಿಯುವವರು. ಬೀರಾ ಸತ್ತ ದಿನದಿಂದ ಅವನು ಕಾಣೆ; ಎರಡು ವಾರ ಕಳೆದಿತ್ತು. ಕದ್ದ ಚಿನ್ನಕ್ಕಾಗಿ ಇಬ್ಬರಿಗೂ ಜಗಳವಾಯಿತು, ಸೂರಜ್ ಬೀರಾನನ್ನು ಬಂಡೆಗೆ ದೂಡಿ ಗೋವೆಗೆ ಓಡಿಹೋದ ಎಂದು ಹೆಗಡೆ ಹೇಳಿದ್ದ. ಪೊಲೀಸರು ತಲೆಯಾಡಿಸಿದ್ದರು. ಸೂರಜನ ಊರು ಮಾಜಾಳಿಯಿಂದ ದಿನಾ ಬೆಳಿಗ್ಗೆ ಅರ್ಧ ಊರು ಗೋವೆಯ ಬಸ್ಸು ಹತ್ತುತ್ತದೆ. ಅಲ್ಲಿಯ ಹುಡುಗ ಇನ್ನೆಲ್ಲಿಗೆ ಓಡುತ್ತಾನೆ?

ದೀಪಾಲಿಯೂ ಮಾಜಾಳಿಯವಳೇ. ಗೋವೆಯಲ್ಲಿ ಊರಿನ ಹುಡುಗರು ಇರುವ ಖೋಲಿಗಳನ್ನೆಲ್ಲ ತಟ್ಟಿ ಬಂದಿದ್ದಳು. ಸೂರಜನನ್ನು ಕಂಡವರಿಲ್ಲ. ಅವನ ತಾಯಿ ಯಶೋದಾ ದಿನಾ ಫೋನು ಮಾಡುತ್ತಿದ್ದಳು. ಮಗ ಸಿಕ್ಕನೇ ಎಂದು ಕೇಳುತ್ತಿರಲಿಲ್ಲ. ಮಗ ಕೊಲೆ ಮಾಡಿದ್ದಾನೆ ಎಂದು ನೀನೂ ನಂಬುತ್ತೀಯಾ ಎಂದಷ್ಟೇ ಕೇಳುತ್ತಿದ್ದಳು.

ಹುಡುಕುತ್ತಿದ್ದೇನೆ ಎಂದಷ್ಟೇ ಹೇಳಿ ದೀಪಾಲಿ ಫೋನು ಇಡುತ್ತಿದ್ದಳು.

ಅವಳು ಬಿದ್ದ ಪ್ಯಾನನ್ನು ಎತ್ತಿಕೊಂಡಳು. ಅಗಲ ಬಾಯಿಯ ಕಬ್ಬಿಣದ ತಟ್ಟೆ. ಒಳಗೆ ಬೆರಳಾಡಿಸಿದಳು. ಬೆರಳು ಜಾರಿತು. ಮೂಗಿಗೆ ಹಿಡಿದು ನೋಡಿದಳು. ಕಮಟು ವಾಸನೆ.

"ವೀಣಾ, ಮೂಸಿ ನೋಡು."

"ಕೊಬ್ಬರಿ ಎಣ್ಣೆ!" ವೀಣಾ ಪ್ಯಾನನ್ನು ಕಸಿದುಕೊಂಡು ಬೆಳಕಿಗೆ ಹಿಡಿದಳು. "ಅಯ್ಯೋ, ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು?"

"ಹಚ್ಚಬಾರದಾ?"

"ಮೇಡಂ, ಪುಡಿ ಚಿನ್ನಕ್ಕೆ ಎಣ್ಣೆ ತಾಗಿದ್ರೆ ತಳಕ್ಕೆ ಕೂರೂದೇ ಇಲ್ಲ. ನೀರ ಮೇಲೆ ತೇಲಿ ಹೋಗ್ತದೆ. ಹೊಸ ಪ್ಯಾನು ಬಂದ ಕೂಡಲೇ ಒಲೆ ಮೇಲಿಟ್ಟು ಸುಡ್ತೇವೆ, ಫ್ಯಾಕ್ಟರಿ ಎಣ್ಣೆ ಹೋಗಿ ಕಪ್ಪಾಗೂವರೆಗೆ. ಆಮೇಲೆ ಬೂದಿ ಹಾಕಿ ತಿಕ್ಕೂದು. ಊಟ ಮಾಡಿದ ಕೈ ತೊಳೀದೆ ಮುಟ್ಟಿದ್ರೆ ಬೀರಣ್ಣ ಕೂಗ್ತಿದ್ದ."

"ಮನೇಲೂ ಹಂಗೇ," ಎಂದಳು ಬೊಮ್ಮು. "ಮೀನು ಕೊಯ್ದ ಕೈ, ಮುಟ್ಟಬೇಡ ಅಂತ ಬೈತಿದ್ದ. ಹೆಂಡ್ತಿಗಿಂತ ಅದ್ರ ಮೇಲೇ ಜೀವ ಅವಂಗೆ."

ವೀಣಾ ಬಕೆಟ್ಟಿನಿಂದ ಒಂದು ಚೊಂಬು ನೀರನ್ನು ಪ್ಯಾನಿಗೆ ಸುರಿದಳು. ನೀರು ಹರಡಲಿಲ್ಲ. ಕೆಸುವಿನೆಲೆಯ ಮೇಲಿನಂತೆ ಗುಂಡುಗುಂಡಾಗಿ ಓಡಾಡಿತು.

ದೀಪಾಲಿ ಅದನ್ನೇ ನೋಡುತ್ತ ನಿಂತಳು. ಬೀರಾ ಈ ಪ್ಯಾನು ಹೊತ್ತು ಚಿನ್ನಕ್ಕೆ ಹೋದವನಲ್ಲ. ಇದನ್ನು ತುಂಬಿದವನು ಸೂರಜನೂ ಅಲ್ಲ. ಅವನೂ ಪ್ಯಾನು ಸುಡುವವನೇ. ಚಿನ್ನ ಜಾಲಿಸಿ ಗೊತ್ತಿಲ್ಲದ ಕೈ ಇದು.

ಆದರೆ ಕಬ್ಬಿಣ ಗೊತ್ತಿರುವ ಕೈ. ಮಾಜಾಳಿಯಲ್ಲಿ ಅವಳ ತಾಯಿ ಮೆಟ್ಟುಗತ್ತಿಗೆ, ಬೀಗಕ್ಕೆ, ಬಾವಿಯ ರಾಟೆಗೆ, ಕೊನೆಗೆ ಬಾಗಿಲ ಕೊಂಡಿಗೂ ಕೊಬ್ಬರಿ ಎಣ್ಣೆ ಸವರುತ್ತಾಳೆ. ಸವರದಿದ್ದರೆ ಸಮುದ್ರದ ಗಾಳಿ ಕಬ್ಬಿಣವನ್ನು ತಿಂದು ಪುಡಿ ಮಾಡುತ್ತದೆ. ಕಡಲ ಬದಿಯ ಮನೆಗಳಲ್ಲಿ ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಕೈ ತಾನೇ ಮಾಡುತ್ತದೆ.

ಘಟ್ಟದ ಮೇಲಿನ ಹೆಗಡೆಗೆ ಆ ಚಟವಿಲ್ಲ. ಅವನು ಗುದ್ದಲಿ ಮುಟ್ಟಿದವನೇ ಅಲ್ಲ. ವೀಣಾ ಕಡಲ ಬದಿಯವಳು, ಆದರೆ ಪ್ಯಾನಿಗೆ ಎಣ್ಣೆ ತಾಗಿಸುವವಳಲ್ಲ.

"ಗೋದಾಮಿನ ಕೀ ಮತ್ತ್ಯಾರ ಹತ್ರ ಅದೆ?"

"ಹರೀಶಣ್ಣನ ಹತ್ರ. ಜೀಪು ಓಡ್ಸೂದು, ಸಾಮಾನು ಏರ್ಸೂದು, ಇಳ್ಸೂದು ಅವನೇ."

"ಹಳ್ಳಕ್ಕೆ ಇಳೀತಾನಾ?"

"ಇಲ್ಲಪ್ಪ. ಜೀಪಲ್ಲೇ ಕೂತು ಮೊಬೈಲು ನೋಡ್ತಾನೆ. ನೀರು ಕಂಡ್ರೆ ಶೀತ ಅವಂಗೆ." ಮಾತು ಮುಗಿಸುವಷ್ಟರಲ್ಲಿ ವೀಣಾಳ ಮುಖ ಬದಲಾಯಿತು. "ಮೇಡಂ... ಹರೀಶಣ್ಣ ಅಂಥವ ಅಲ್ಲ."

ಹೊರಗೆ ಜೀಪು ಬಂದು ನಿಂತಿತು.

*

"ಎಂತ ಮೇಡಂ, ಇನ್ನೂ ಮುಗೀಲಿಲ್ವಾ ನಿಮ್ಮ ಪಂಚನಾಮೆ?" ಹರೀಶ ಕೀ ಗೊಂಚಲು ತಿರುಗಿಸುತ್ತ ಒಳಗೆ ಬಂದ. ದಪ್ಪ ಮೀಸೆಯ, ದೊಡ್ಡ ದನಿಯ ಆಳು. "ಏ ವೀಣಾ, ಮೇಡಮ್ಮಂಗೆ ಚಾ ಆದ್ರೂ ಕೊಟ್ಯಾ, ಇಲ್ಲಾ ಬರೀ ಮಾತಲ್ಲೇ ಹೊಟ್ಟೆ ತುಂಬ್ಸಿದ್ಯಾ?"

ಬೊಮ್ಮುವನ್ನು ಕಂಡು ಅವನ ದನಿ ಅರ್ಧಕ್ಕೇ ನಿಂತಿತು. ಅವಳ ಕಡೆ ಸರಿಯಾಗಿ ನೋಡದೆ ದಾಟಿ ಬಂದ.

"ಇದನ್ನ ಸ್ವಲ್ಪ ಹಿಡ್ಕೋ ಹರೀಶ," ಎಂದು ದೀಪಾಲಿ ಮೂಲೆಯಲ್ಲಿದ್ದ ಒಂದು ಹಳೆ ಕೈಗುದ್ದಲಿಯನ್ನು ಅವನಿಗೆ ಕೊಟ್ಟು, ಬ್ಯಾಗಿನ ಜಿಪ್ಪು ಸರಿಮಾಡುವವಳಂತೆ ಬಗ್ಗಿದಳು.

ಅವನು ಹಿಡಿದುಕೊಂಡ. ಹೆಬ್ಬೆರಳು ತುಕ್ಕಿನ ಕಲೆಯನ್ನು ಹುಡುಕಿಕೊಂಡು ಹೋಯಿತು.

"ಥತ್, ಈ ಉಪ್ಪು ಗಾಳಿ ಎಂತದನ್ನೂ ಉಳಿಸೂದಿಲ್ಲ ಮಾರಾಯ್ರೆ. ವೀಣಾ, ನೋಡ್ಕೊಳ್ಳೂಕಾಗೂದಿಲ್ವಾ ನಿಂಗೆ?"

ಬೈಯುತ್ತಲೇ ಕಿಟಕಿಗೆ ಹೋದ. ಅಲ್ಲಿದ್ದ ಬಾಟಲಿ ಬಗ್ಗಿಸಿ, ಚಿಂದಿಗೆ ಎಣ್ಣೆ ಇಳಿಸಿ, ಗುದ್ದಲಿಯ ಬಾಯಿಯನ್ನು ಉದ್ದಕ್ಕೂ ತಿಕ್ಕಿದ. ಹಿಂದೆ, ಮುಂದೆ, ಅಂಚಿಗೆ. ಒಳ್ಳೆಯ ಕೆಲಸಗಾರನ ಕೈ.

ತಲೆ ಎತ್ತಿದಾಗ ಮೂವರು ಹೆಂಗಸರೂ ಅವನನ್ನೇ ನೋಡುತ್ತಿದ್ದರು.

"ಎಂತಾ?"

"ಆ ಪ್ಯಾನಿಗೂ ಹೀಗೇ ಹಚ್ಚಿದ್ಯಾ?" ಎಂದಳು ದೀಪಾಲಿ.

"ಯಾವ ಪ್ಯಾನಿಗೆ?"

"ಬೀರಾನ ಹೆಣದ ಪಕ್ಕ ಇಟ್ಟದ್ದಕ್ಕೆ."

ಹರೀಶ ನಗಲು ನೋಡಿದ. "ನಾ ಯಾಕೆ ಇಡ್ಲಿ? ಅವನ ಬ್ಯಾಗು ಅದು. ಎಣ್ಣೆ ಅವನೇ ಹಚ್ಚಿರಬೇಕು."

"ಚಿನ್ನ ಜಾಲಿಸುವವ ಪ್ಯಾನಿಗೆ ಎಣ್ಣೆ ಹಚ್ಚೂದಿಲ್ಲ. ಹಚ್ಚಿದ್ರೆ ಚಿನ್ನ ತೇಲಿ ಹೋಗ್ತದೆ. ಗೊತ್ತಿರ್ಲಿಲ್ವಾ ನಿಂಗೆ?"

ಅವನಿಗೆ ಗೊತ್ತಿರಲಿಲ್ಲ. ಅದು ಅವನ ಮುಖದ ಮೇಲೇ ಇತ್ತು. ಚಿಂದಿ ಕೈಯಿಂದ ಬಿತ್ತು.

"ಹರೀಶಣ್ಣಾ," ಎಂದಳು ವೀಣಾ. "ನೀನಾ?"

"ನೀ ಬಾಯಿ ಮುಚ್ಚು!"

"ಅವಳ ಮೇಲೆ ಯಾಕೆ ಕೂಗ್ತೆ? ನನ್ನ ಹತ್ರ ಮಾತಾಡು," ಎಂದಳು ದೀಪಾಲಿ. "ಬೀರಾ ಎಲ್ಲಿ ಸತ್ತ?"

"ಹಳ್ಳದಲ್ಲಿ. ಸೂರಜ್ ದೂಡಿದ್ದು."

"ಅವನ ಖಾಕಿ ಬ್ಯಾಗು ಎಲ್ಲಿ?"

"ನಂಗೊತ್ತಿಲ್ಲ."

"ಅದು ಸಿಗದೇ ಇದ್ದದ್ದಕ್ಕೇ ನೀ ಹೊಸದು ತುಂಬಿದ್ದು. ಬ್ಯಾಗಿಲ್ದೆ ಕಳ್ಳ ಅಂದ್ರೆ ಯಾರೂ ನಂಬೂದಿಲ್ಲ ಅಂತ. ಎಲ್ಲುಂಟು ಅದು?"

ಬೊಮ್ಮು ಎದ್ದು ಬಂದಳು. ಕೂಗಾಡಲಿಲ್ಲ. ಹರೀಶನ ಎದುರು ನಿಂತು ಅವನ ಎಣ್ಣೆ ಕೈಯನ್ನು ನೋಡಿದಳು.

"ಅವನ್ನ ಹೊತ್ತದ್ದು ಈ ಕೈಯಾ ತಮ್ಮಾ?"

ದಪ್ಪ ಮೀಸೆಯ ಆಳು ಹಗ್ಗದ ಸುರುಳಿಯ ಮೇಲೆ ಕುಸಿದು ಕೂತ.

"ನಾ ಕೊಲ್ಲಲಿಲ್ಲ," ಎಂದ. "ಬೊಮ್ಮಕ್ಕಾ, ನನ್ನ ಮಕ್ಕಳಾಣೆ, ನಾ ಕೊಲ್ಲಲಿಲ್ಲ. ಗುಂಡಿ ಕುಸೀತು."

"ಯಾವ ಗುಂಡಿ?"

"ಹಳ್ಳದ ದಂಡೆ ಮೇಲೆ, ಬಿದಿರ ಹಿಂಡಿನ ಹಿಂದೆ. ಹೆಗಡೇರು ತೋಡ್ಸಿದ್ದು. ನೀರಿನ ಮರಳಲ್ಲಿ ಎಂತ ಸಿಗ್ತದೆ, ಹಳೆ ಹೊಳೆ ಹರಿದ ಗರಸು, ಕಲ್ಲು ಮರಳು, ಕೆಳಗದೆ, ಅಲ್ಲಿ ಅದೆ ಚಿನ್ನ ಅಂತ ಅವರಿಗೆ ಯಾರೋ ತಲೆಗೆ ತುಂಬಿದ್ರು. ಟೂರಿಸ್ಟರಿಲ್ಲದ ದಿನ ಇಬ್ಬರೂ ತೋಡೂದು, ಬೀರಣ್ಣ, ಸೂರಜ್. ತಳದಿಂದ ಅಡ್ಡಕ್ಕೆ ಒಂದು ಸುರಂಗ ಕೊರೆದಿದ್ರು. ಬದಿಗೆ ಹಲಗೆ ಕೊಡಿ, ಮಣ್ಣು ಹಸಿ ಅದೆ ಅಂತ ಬೀರಣ್ಣ ಕೇಳಿದ್ದ. ಮರ ಕಡಿದ್ರೆ ಅರಣ್ಯದವರಿಗೆ ಗೊತ್ತಾಗ್ತದೆ ಅಂದ್ರು ಹೆಗಡೇರು."

ದೀಪಾಲಿಗೆ ತನ್ನ ವರದಿ ಕಂಡಿತು. ಅಂದರೆ ಬೀರಾ ಸತ್ತದ್ದು ಕೆಲಸದ ಮೇಲೆ. ಹೇಳಿದ ಕೆಲಸವನ್ನು, ಕೇಳಿದ ಹಲಗೆ ಸಿಗದೆ, ಮಾಡುತ್ತ ಸತ್ತ. ಆಮೇಲೆ ಮಾಡಿಸಿದವನೇ ಅವನನ್ನು ಕಳ್ಳ ಎಂದ.

"ಬೀರಣ್ಣ ಗುಂಡಿ ಬಾಯಿ ಹತ್ರಾನೇ ಇದ್ದ, ಎಳೆದು ತೆಗೆದ್ವು. ಜೀವ ಇರಲಿಲ್ಲ. ಹೆಗಡೇರು, ಇವನ್ನ ಹಳ್ಳದ ಕೆಳಗೆ ಮಲಗ್ಸಿ ಬಾ, ಬ್ಯಾಗು ಇಡು ಅಂದ್ರು. ಅವನ ಬ್ಯಾಗು ಸಿಗಲಿಲ್ಲ. ನಾ ಇಲ್ಲಿಗೆ ಬಂದು ಕೈಗೆ ಸಿಕ್ಕಿದ್ದು ತುಂಬಿದೆ. ಪ್ಯಾನಿಗೆ ತುಕ್ಕು ಕಂಡ ಹಾಗಾಯ್ತು... ನಾ ಯೋಚ್ನೆ ಮಾಡಲಿಲ್ಲ. ಒರೆಸ್ದೆ. ಅಷ್ಟೇ."

"ಖಾಕಿ ಬ್ಯಾಗು ಯಾಕೆ ಸಿಗಲಿಲ್ಲ?"

ಹರೀಶ ತಲೆ ತಗ್ಗಿಸಿದ.

"ಹರೀಶ."

"ಅದ್ರಲ್ಲಿ ಗರಸು ತುಂಬಿ ಹೊರಗೆ ತರ್ತಿದ್ರು ಮೇಡಂ. ಅದು ಸೂರಜನ ಬೆನ್ನ ಮೇಲಿತ್ತು."

ಗೋದಾಮಿನ ಹೊರಗೆ ಯಾವುದೋ ಬಸ್ಸು ಹಾರ್ನು ಬಾರಿಸುತ್ತ ಹೋಯಿತು. ಕೊಲೆಗಾರನೆಂದು ಮೂರು ತಾಲೂಕು ಹುಡುಕಿದ ಹುಡುಗ. ಖೋಲಿ ಖೋಲಿ ತಟ್ಟಿ ತಾನು ಕೇಳಿದ ಹುಡುಗ. ಅವನು ಗೋವೆಯ ಬಸ್ಸು ಹತ್ತಿಯೇ ಇರಲಿಲ್ಲ.

"ಸುರಂಗದ ಒಳಗಿದ್ನಾ?" ಎಂದಳು ದೀಪಾಲಿ.

"ಬಾಯಿ ಮುಚ್ಚಿಹೋಯ್ತು. ಒಳಗೆ ಜಾಗ ಇತ್ತು." ಹರೀಶ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. "ಬ್ಯಾಗಿನ ಪಟ್ಟಿಗೆ ಸೀಟಿ ಕಟ್ಟಿರ್ತಾರೆ ಮೇಡಂ, ದಾರಿ ತಪ್ಪಿದ್ರೆ ಊದೂಕೆ. ನಾವು ಬೀರಣ್ಣನ್ನ ಎತ್ತೂವಾಗ ಮಣ್ಣೊಳಗಿಂದ ಸೀಟಿ ಕೇಳ್ತಿತ್ತು. ನಾ ಅಂದೆ, ಫೈರಿನವರಿಗೆ ಫೋನ್ ಮಾಡ್ವ ಅಂದೆ. ಹೆಗಡೇರು ಫೋನ್ ಕಸ್ಕೊಂಡ್ರು. ಅವರು ಬಂದ್ರೆ ಗುಂಡಿ ಹೊರಗೆ ಬೀಳ್ತದೆ, ನೀನೂ ಜೈಲಿಗೆ, ನಾನೂ ಜೈಲಿಗೆ ಅಂದ್ರು. ಹೆಣ ಇಟ್ಟು ತಿರುಗಿ ಬಂದಾಗ್ಲೂ ಊದ್ತಿದ್ದ."

ವೀಣಾ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಮುಖ ಮಾಡಿದಳು.

"ನಮ್ಮನೇಲಿ ಗಂಜಿ ಉಂಡ ಹುಡುಗ," ಎಂದಳು ಬೊಮ್ಮು. ಯಾರಿಗೂ ಹೇಳಿದ್ದಲ್ಲ. "ಅವನಿಗೂ ಕೊಲೆಗಾರ ಅಂದ್ರಲ್ಲ."

ಆಗ ಹರೀಶನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ತೆಗೆದು ನೋಡಿ, ಹೆಸರನ್ನು ದೀಪಾಲಿಗೆ ತೋರಿಸಿದ. ಮಧುಕೇಶ್ವರ ಹೆಗಡೆ.

"ಎತ್ತು. ಸ್ಪೀಕರ್ ಹಾಕು," ಎಂದಳು ದೀಪಾಲಿ.

"ಎಲ್ಲಿ ಸತ್ತೆ ಮಾರಾಯ? ಎಷ್ಟು ಸಲ ಮಾಡೂದು ಫೋನು?" ಹೆಗಡೆಯ ದನಿ ಆರಾಮಾಗಿತ್ತು, ಊಟ ಮುಗಿಸಿ ಎಲೆಯಡಿಕೆಯ ಕವಳ ಹಾಕಿಕೊಂಡವನ ದನಿ. "ನಿನ್ನ ತಮ್ಮ ಜೆಸಿಬಿ ತಂದು ಬಿದಿರ ಹಿಂಡಿನ ಹತ್ರ ನಿಂತು ಗಂಟೆ ಆಯ್ತು. ಅಣ್ಣ ಹೇಳದೆ ಮಣ್ಣು ದೂಡೂದಿಲ್ಲ ಅಂತ ಕೂತಿದ್ದಾನೆ. ಅರಣ್ಯದವರು ಗಾಡಿ ಹಿಡೀತಾರೆ ಅಂತ ಹೆದರಿಕೆ ಅವನಿಗೆ. ಲೈನಿಗೆ ತಗೊಳ್ತೆ, ಒಂದು ಮಾತು ಹೇಳು."

ಟಿಕ್ ಎಂದಿತು. ಫೋನಿನೊಳಗಿಂದ ಇಂಜಿನ್ನಿನ ಗುರುಗುರು ಗೋದಾಮು ತುಂಬಿತು.

"ಅಣ್ಣಾ, ನಾ ದತ್ತಾ. ದನ ಬೀಳೂ ಹಳೆ ಗುಂಡಿ ಅಂತಾರಲ್ಲ ಹೆಗಡೇರು. ಮುಚ್ಚಲಾ?"

ಹರೀಶ ಬಾಯಿ ತೆರೆದ. ಮತ್ತೆ ಫೋನನ್ನು ದೂರ ಹಿಡಿದ.

"ಹೇಳು ಹರೀಶ," ಎಂದ ಹೆಗಡೆ. "ಜೆಸಿಬಿ ನಿಮ್ಮದು. ಮೊದಲಿನ ಕೆಲಸ ಎಲ್ಲ ಮಾಡಿದ ಕೈ ನಿನ್ನದು. ನಾ ಎಲ್ಲೂ ಇಲ್ಲ. ಇವತ್ತು ಮುಚ್ಚಿದ್ರೆ ಎಲ್ಲರಿಗೂ ಒಳ್ಳೇದು. ಮುಚ್ಚದಿದ್ರೆ ನೇಣು ನಿಂಗೇ ಬೀಳ್ತದೆ, ನಂಗಲ್ಲ. ಆ ಇನ್ಶೂರೆನ್ಸಿನವಳು ಸಂಜೆಗೆ ರಿಪೋರ್ಟು ಬರೆದು ಹೋಗ್ತಾಳೆ. ಹೇಳು ಅವನಿಗೆ."

ದೀಪಾಲಿ ಬೆರಳು ತುಟಿಗಿಟ್ಟು, ಪೊಲೀಸರ ನಂಬರ್ ಒತ್ತಿ ತನ್ನ ಫೋನನ್ನು ವೀಣಾಳ ಕೈಗೆ ತುರುಕಿ ಹೊರಗೆ ಹೋಗೆಂದು ಸನ್ನೆ ಮಾಡಿದಳು. ಇಲ್ಲಿಂದ ಆ ಬಿದಿರ ಹಿಂಡಿಗೆ ಜೀಪಿನಲ್ಲಿ ಹೋಗಬೇಕೆಂದರೆ ಗಂಗಾವಳಿ ಹೊಳೆ ದಾಟಿ, ಕಾಡು ಹೊಕ್ಕು, ಗಂಟೆಗಟ್ಟಲೆ. ಜೆಸಿಬಿಯ ಬಕೆಟ್ಟಿಗೆ ಒಂದು ಗುಂಡಿ ಮುಚ್ಚಲು ಒಂದು ಬೀಡಿ ಸೇದುವಷ್ಟು ಹೊತ್ತು ಸಾಕು.

"ಅಣ್ಣಾ? ಡೀಸೆಲ್ ಸುಮ್ಮನೆ ಉರೀತಾ ಅದೆ. ದೂಡಲಾ, ಬೇಡವಾ?"

ಹರೀಶ ಬೊಮ್ಮುವನ್ನು ನೋಡಿದ. ಅವಳು ಅಳುತ್ತಿರಲಿಲ್ಲ, ಬೇಡಿಕೊಳ್ಳುತ್ತಲೂ ಇರಲಿಲ್ಲ. ಅವನು ಏನು ಹೇಳುತ್ತಾನೆಂದು ಕಾಯುತ್ತ ನಿಂತ ಹೆಂಗಸು, ಅಷ್ಟೇ.

"ಬೇಗ ಹೇಳೋ!" ಈಗ ಹೆಗಡೆಯ ದನಿಯಲ್ಲಿ ಕವಳದ ಆರಾಮ ಇರಲಿಲ್ಲ.

ಹರೀಶ ಫೋನನ್ನು ಬಾಯಿಯ ಹತ್ತಿರ ತಂದ.

"ದತ್ತಾ, ಆ ಗುಂಡಿಯೊಳಗೆ ಮಾಜಾಳಿಯ ಸೂರಜ್ ಇದ್ದಾನೆ. ನಾವು ಜೀವ ಇರೂವಾಗಲೇ ಬಿಟ್ಟು ಬಂದದ್ದು. ಹೆಗಡೇರೆ, ಮುಚ್ಚು ಅಂತ ನಾ ಹೇಳೂದಿಲ್ಲ. ಹೇಳಬೇಕು ಅಂದ್ರೆ ನೀವೇ ಹೇಳಿ, ನಿಮ್ಮ ಬಾಯಲ್ಲಿ."